ಮನೆಗೊಂದೇ ಮೀಸೆ

ಹೆದರಿದವರಿಗೆ ಧೈರ್ಯ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನಂಬಿದ್ದೆ ಎಂದರೆ ಒಳಗೊಳಗೇ ಅಲ್ಲ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ! ಕಾರಣವೂ ಇತ್ತು. ನಾನು ಬಸ್ ನಿಲ್ದಾಣದ ಉದ್ಘೋಷಕ. ಗಾಜಿನ ಕೋಣೆಯಲ್ಲಿ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ನಾನು ಒಮ್ಮೆ ಅಂದರೆ ನಿಲ್ದಾಣದ ಎಂಟು ಸ್ಪೀಕರುಗಳು ಎಂಟು ಸಲ ಅನ್ನುತ್ತವೆ. ಬಸ್ಸು ತಪ್ಪಿಸಿಕೊಂಡವರು, ಪೆಟ್ಟಿಗೆ ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು (ತಾತ್ಕಾಲಿಕವಾಗಿ), ಎಲ್ಲರಿಗೂ ಈ ಕಂಠವೇ ಆಸರೆ. ತಾಯಿಯ ಕೈ ತಪ್ಪಿ ಅಳುತ್ತಿರುವ ಮಗುವೂ ನನ್ನ ದನಿ ಕೇಳಿದ ಕೂಡಲೇ ಗಪ್‌ಚಿಪ್. ಅದು ಸಮಾಧಾನದಿಂದಲ್ಲ, ಗಾಬರಿಯಿಂದ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಿತ್ತಲ ಗಿಡ ಮದ್ದಲ್ಲ, ಬಿಡಿ.

ಈ ಕಂಠಕ್ಕೆ ತಕ್ಕ ಮೀಸೆಯೂ ನನಗಿತ್ತು. 'ಇತ್ತು' ಎಂಬ ಭೂತಕಾಲವನ್ನು ಪ್ರಯಾಣಿಕರು, ಅಲ್ಲಲ್ಲ, ಓದುಗರು ದಯವಿಟ್ಟು ಗಮನಿಸಬೇಕು. ಹದಿನೆಂಟು ವರ್ಷ ಎಣ್ಣೆ ಹಚ್ಚಿ, ಬಾಚಿ, ತುದಿ ತಿರುವಿ ಸಾಕಿದ್ದ ಮೀಸೆ ಅದು. ಮದುವೆಗೆ ಮುಂಚಿನದು. ಅಂದರೆ ನನ್ನ ಜೊತೆ ಬಾಳುವುದರಲ್ಲಿ ಹೆಂಡತಿಗಿಂತಲೂ ಸೀನಿಯರ್!

ನಮ್ಮ ಬೀದಿಯ ಕೊನೆಯಲ್ಲಿ, ದಿಕ್ಕಿಲ್ಲದ ಬೆಕ್ಕು ನಾಯಿಗಳಿಗೆ ಆಶ್ರಯ ನಡೆಸುವ ಡಾಕ್ಟರಮ್ಮ ಇದ್ದಾರೆ. ಮನುಷ್ಯರನ್ನು ಕಂಡರೆ ಬೆದರುವ ಬೆಕ್ಕುಗಳನ್ನು ಯಾರಾದರೂ ಕೆಲವು ವಾರ ಮನೆಯಲ್ಲಿ ಇಟ್ಟುಕೊಂಡು ರೂಢಿ ಮಾಡಿಸಿದರೆ ಅವಕ್ಕೆ ಖಾಯಂ ಮನೆ ಸಿಗುತ್ತದಂತೆ. ನನ್ನ ಹೆಂಡತಿಗೆ ಈ ಕೆಲಸದ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ಮೂಲೆಯಲ್ಲಿ ಬೂದು ಬಣ್ಣದ ಮುದ್ದೆಯೊಂದು ಗೋಡೆಗೆ ಮುಖ ಮಾಡಿ ಕೂತಿತ್ತು. ರಿಜಿಸ್ಟರಿನಲ್ಲಿ ಅದರ ಹೆಸರು 'ಅಂಜುಬುರುಕಿ'. ಎರಡು ಮನೆಗೆ ಹೋಗಿ ಎರಡು ಸಲವೂ ವಾಪಸಾದವಳು. ಅಷ್ಟು ಉದ್ದದ ಹೆಸರು ಪಾಪದ ಪ್ರಾಣಿಗೆ ಯಾಕೆಂದು ನನ್ನ ಹೆಂಡತಿ ಅಲ್ಲೇ ಅದನ್ನು 'ಅಂಜು' ಎಂದು ಕತ್ತರಿಸಿದಳು. ಆ ಕತ್ತರಿ ಮುಂದೆ ಏನೇನು ಕತ್ತರಿಸಿತು ಎಂಬುದೇ ಈ ಕಥೆ.

ಅಂಜು ಸಿಕ್ಕಿದ್ದು ಎಲ್ಲಿ ಗೊತ್ತೇ? ನಮ್ಮದೇ ಬಸ್ ನಿಲ್ದಾಣದಲ್ಲಿ! ಮೂರನೇ ಪ್ಲಾಟ್‌ಫಾರಂ ಛಾವಣಿಯಲ್ಲಿ, ಸ್ಪೀಕರಿನ ಬೆನ್ನಿಗೆ ಅಂಟಿಕೊಂಡಂತಿರುವ ಸಂದಿಯಲ್ಲಿ. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಕೇಳಿ ನನ್ನ ಎದೆ ಉಬ್ಬಿತು. ನನ್ನ ಕಂಠವನ್ನೇ ಜೋಗುಳವಾಗಿ ಕೇಳಿ ಬೆಳೆದವಳು! ಇವಳನ್ನು ಒಲಿಸಿಕೊಳ್ಳುವುದು ನನಗೊಂದು ಲೆಕ್ಕವೇ?

ಡಾಕ್ಟರಮ್ಮ ಮಾತ್ರ ನಗಲಿಲ್ಲ. ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ಮೂರು ವಾರ ಕಳೆದು ಬೆಕ್ಕು ನೋಡಲು ಬರುತ್ತಾರೆ, ಅಷ್ಟರೊಳಗೆ ಇದು ಮನುಷ್ಯರ ಕೈಯಿಂದ ತಿನ್ನುವುದನ್ನು ಕಲಿಯಬೇಕು ಎಂದರು. ಇಲ್ಲದಿದ್ದರೆ? ಅವರು ಕಿಟಕಿಯಾಚೆ ಕೈ ತೋರಿಸಿದರು.

"ನಾಯಿಗಳ ಸಾಲಿನ ಪಕ್ಕದ ಆ ಪಂಜರ ಒಂದೇ ಖಾಲಿ ಇರೋದು. ಹೋದ ಸಲ ಅಲ್ಲಿಟ್ಟಾಗ ಐದು ದಿನ ಏನೂ ಮುಟ್ಟಿರಲಿಲ್ಲ. ಇನ್ನೊಂದು ಸಲ ಆದ್ರೆ ಅದು ತಡ್ಕೊಳ್ಳಲ್ಲ."

ಹೆಂಡತಿಯ ಮುಖ ಬಾಡಿತು. ನಾನು ಮೀಸೆಯ ಮೇಲೆ ಕೈಯಿಟ್ಟು ಘೋಷಿಸಿಯೇ ಬಿಟ್ಟೆ.

"ಮೂರು ವಾರದಲ್ಲಿ ಈ ಬೆಕ್ಕು ನನ್ನ ಕೈಯಿಂದ ತಿನ್ನದಿದ್ರೆ ಈ ಮೀಸೆ ಬೋಳಿಸ್ತೀನಿ."

"ಡಾಕ್ಟರಮ್ಮ, ನೀವು ಸಾಕ್ಷಿ" ಎಂದಳು ಹೆಂಡತಿ. ಅಷ್ಟು ಬೇಗ ಸಾಕ್ಷಿ ಹುಡುಕಿದ್ದು ನೋಡಿಯಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ನಿಯಮಗಳು ಸುಲಭವಾಗಿದ್ದವು. ಒಂದು ಕೋಣೆ, ಸದಾ ಮುಚ್ಚಿದ ಬಾಗಿಲು. ನೆಲದ ಮೇಲೆ ಕೂರಬೇಕು. ನೇರ ಕಣ್ಣಿಟ್ಟು ನೋಡಕೂಡದು, ನಿಧಾನವಾಗಿ ರೆಪ್ಪೆ ಮಿಟುಕಿಸಬೇಕು. ಮಾತಾಡಲೇಬೇಕಾದರೆ ಮೆತ್ತಗೆ. ಈ ಕೊನೆಯದನ್ನು ಡಾಕ್ಟರಮ್ಮ ನನ್ನ ಮುಖ ನೋಡಿಕೊಂಡು ಎರಡು ಸಲ ಹೇಳಿದರು.

ಮೊದಲ ದಿನ ಕೋಣೆಗೆ ಕಾಲಿಟ್ಟು, "ಅಂಜೂ, ನಮ್ಮ ಮನೆಗೆ ಹಾರ್ದಿಕ ಸ್ವಾಗತ" ಎಂದು ಆದಷ್ಟೂ ಮೆತ್ತಗೆ ಹೇಳಿದೆ. ನೀರಿನ ಬಟ್ಟಲು ಗಡಗಡ ಎಂದಿತು. ಎದುರುಮನೆಯವರು ಯಾರು ಬಂದರೆಂದು ಬಾಗಿಲು ತೆರೆದು ನೋಡಿದರು. ಅಂಜು ಮಂಚದ ಕೆಳಗೆ, ಸೂಟ್‌ಕೇಸಿನ ಹಿಂದೆ, ಗೋಡೆಗೂ ನೆಲಕ್ಕೂ ನಡುವೆ ಇಲ್ಲದ ಸಂದಿಯೊಂದನ್ನು ಸೃಷ್ಟಿಸಿಕೊಂಡು ಅದರೊಳಗೆ ಸೇರಿಕೊಂಡಿತು. ಅಲ್ಲಿಂದ ಮುಂದೆ ನಮ್ಮ ಸಂಬಂಧ ನಡೆದದ್ದು ಎರಡು ಕಣ್ಣುಗಳ ಜೊತೆ. ನಾನು ಹೊಟ್ಟೆಯ ಮೇಲೆ ಮಲಗಿ ಬಗ್ಗಿ ನೋಡಿದರೆ ಆ ಎರಡೂ ಮಾಯ.

ರೆಪ್ಪೆ ಮಿಟುಕಿಸುವುದನ್ನು ಮಾತ್ರ ಭಕ್ತಿಯಿಂದ ಸಾಧನೆ ಮಾಡಿದೆ. ಎಷ್ಟರಮಟ್ಟಿಗೆಂದರೆ ಎರಡನೇ ವಾರ ಡಿಪೋ ಮ್ಯಾನೇಜರು ಯಾವುದೋ ತಪ್ಪಿಗೆ ನನ್ನನ್ನು ಬೈಯುತ್ತಿರುವಾಗ ಅವರಿಗೂ ನಿಧಾನವಾಗಿ ರೆಪ್ಪೆ ಮಿಟುಕಿಸಿಬಿಟ್ಟೆ. ಬೆಕ್ಕಿನ ಭಾಷೆಯಲ್ಲಿ ಅದಕ್ಕೆ 'ನಿಮ್ಮ ಮೇಲೆ ನಂಬಿಕೆಯಿದೆ' ಎಂದರ್ಥ. ಮ್ಯಾನೇಜರ ಭಾಷೆಯಲ್ಲಿ ಬೇರೆ ಅರ್ಥವಿತ್ತು. ನಿದ್ದೆ ಬರುತ್ತಿದ್ದರೆ ರಜೆ ಹಾಕಿ ಮಲಗಿಕೊಳ್ಳಿ ಎಂದು ಇನ್ನಷ್ಟು ಬೈದರು.

ದಿನ ಹತ್ತಾಯಿತು, ಹದಿನೈದಾಯಿತು. ಕೈಯಲ್ಲಿ ಮೀನಿನ ಚೂರು ಹಿಡಿದು ಕೂತು ಕೂತು ನನ್ನ ಕೈಯೇ ಮೀನಾಯಿತು. ಅಂಜು ಬರಲಿಲ್ಲ. ದನಿ ಇನ್ನೂ ಮೆತ್ತಗಾಗಬೇಕು, ಆಫೀಸಿನಲ್ಲೂ ಅಭ್ಯಾಸ ಮಾಡಿ ಎಂದು ಹೆಂಡತಿ ಸಲಹೆ ಕೊಟ್ಟಳು. ಪಾಲಿಸಿದೆ. ಹೆಂಡತಿಯ ಮಾತು ಕೇಳಿ ಕೆಟ್ಟ ಗಂಡಂದಿರ ಪಟ್ಟಿಗೆ ನನ್ನ ಹೆಸರು ಸೇರಿದ್ದು ಹೀಗೆ.

ಹತ್ತೊಂಬತ್ತನೇ ದಿನ, ಮಧ್ಯಾಹ್ನ. ಐದು ಬಸ್ಸುಗಳ ಹೆಸರು ಕೂಗಿ ಮೈಕಿನ ಗುಂಡಿ ಬಿಟ್ಟೆ. ನಮ್ಮ ಮೈಕಿನ ಗುಂಡಿ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಮೇಲೇಳುವುದು ಅದರ ಮರ್ಜಿ. ಅಂದು ಅದಕ್ಕೆ ಮರ್ಜಿ ಇರಲಿಲ್ಲ. ನಾನು ನೋಡಲಿಲ್ಲ. ಬುತ್ತಿ ಬಿಚ್ಚಿ, ಕಣ್ಣು ಮುಚ್ಚಿ, ಜೀವಮಾನದಲ್ಲೇ ಅತ್ಯಂತ ಮೃದುವಾದ, ಜೇನು ಸುರಿಯುವ ದನಿಯಲ್ಲಿ ಅಭ್ಯಾಸ ಶುರುಮಾಡಿದೆ.

"ಅಂಜೂ... ಅಂಜಬೇಡ ಪುಟ್ಟಾ... ಮಂಚದ ಕೆಳಗೆ ಇನ್ನೂ ಎಷ್ಟು ದಿನ ಅಂತ ಬಚ್ಚಿಟ್ಕೊಂಡಿರ್ತೀಯ? ಅವಳು ಅಡುಗೆಮನೇಲಿದ್ದಾಳೆ. ಬಾಗಿಲು ಹಾಕಿದೀನಿ, ಈಗ ನಾವಿಬ್ರೇ... ಬಾ, ನನ್ನ ಕೈಯಾರೆ ತಿನ್ನಿಸ್ತೀನಿ."

ಕಣ್ಣು ತೆರೆದಾಗ ಗಾಜಿನಾಚೆ ಇಡೀ ನಿಲ್ದಾಣ ನಿಂತಿತ್ತು. ಕಂಡಕ್ಟರೊಬ್ಬ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದುವುದನ್ನು ಮರೆತಿದ್ದ. ಹೊರಡಬೇಕಾದ ಮೂರು ಬಸ್ಸು ಹೊರಟಿರಲಿಲ್ಲ. ಸಾಲು ಸಾಲು ಕಿಟಕಿಗಳಲ್ಲಿ ತಲೆಗಳು, ಎಲ್ಲ ನನ್ನತ್ತಲೇ! ಟೈಮ್‌ಕೀಪರು ಒಳಗೆ ಬಂದು ಮೈಕಿನ ಕೆಂಪು ದೀಪದ ಮೇಲೆ ಬೆರಳಿಟ್ಟು ತೋರಿಸಿದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಮಾಡಿದವರು ಖಂಡಿತ ನಮ್ಮ ಇಲಾಖೆಯವರೇ ಇರಬೇಕು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾಲ್ಕು ದಿನ ತಲೆ ತಗ್ಗಿಸಿ ಓಡಾಡಿಕೊಂಡಿರುತ್ತಿದ್ದೆ. ಆದರೆ ಸರಿಯಾಗಿ ಅದೇ ಹೊತ್ತಿಗೆ ಐದನೇ ಪ್ಲಾಟ್‌ಫಾರಮ್ಮಿನಲ್ಲಿ ಒಂದು ಬಸ್ಸು ಬಂದು ನಿಂತಿತ್ತು. ಅದರಿಂದ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದು ಇಳಿದವರು ನನ್ನ ಅತ್ತೆ! ಮಗಳನ್ನು ನೋಡಿಹೋಗೋಣ ಎಂದು ಹೇಳದೆ ಕೇಳದೆ ಬಂದಿದ್ದರು. ಬೆಕ್ಕಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಅಳಿಯನ ಕಂಠ ಮಾತ್ರ ಚೆನ್ನಾಗಿ ಗೊತ್ತಿತ್ತು.

ಮುಂದಿನದು ನನ್ನ ಹೆಂಡತಿ ಹೇಳಿದ್ದು. ಬಾಗಿಲು ತೆರೆದ ಮಗಳ ಯೋಗಕ್ಷೇಮವನ್ನೂ ವಿಚಾರಿಸದೆ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆಯಂತೆ.

"ಯಾವ ಮಂಚ?"

ಮಗಳು ತಬ್ಬಿಬ್ಬಾಗಿ ನಿಂತಿರುವಾಗಲೇ ಅವರು ಮುಚ್ಚಿದ ಕೋಣೆಯ ಬಾಗಿಲನ್ನು ದಡಾರನೆ ತೆರೆದು, ಮಂಚದ ಕೆಳಗೆ ಕೊಡೆ ಆಡಿಸಿ, "ಹೊರಗೆ ಬಾರೇ ಅಂಜು, ನಿನ್ನ ಮುಖ ನೋಡ್ಬೇಕು ನಾನು" ಎಂದು ಗುಡುಗಿದರು. ನಾನು ಹತ್ತೊಂಬತ್ತು ದಿನ ಕೈಮುಗಿದು ಕರೆದರೂ ಬಾರದವಳು ಅತ್ತೆಯವರ ಒಂದೇ ಮಾತಿಗೆ ಬಂದಳು! ಬಂದಳು ಎಂದರೆ, ಬಾಣದ ಹಾಗೆ ಅವರ ಕಾಲುಗಳ ನಡುವೆ ನುಗ್ಗಿ, ತೆರೆದ ಬಾಗಿಲಿನಿಂದ ಆಚೆಗೆ. ಬೆಕ್ಕಸ ಬೆರಗು ಎಂದರೆ ಏನೆಂದು ಅತ್ತೆಯವರಿಗೆ ಅಂದು ತಿಳಿಯಿತು. ನಾನು ಏದುಸಿರು ಬಿಡುತ್ತ ಮನೆಗೆ ಬಂದಾಗ ಅವರು ಅದೇ ಮಂಚದ ಮೇಲೆ ಕೂತಿದ್ದರು.

"ಅಳಿಯಂದ್ರೆ, ಬೆಕ್ಕಿಗೆ ಯಾರಾದ್ರೂ ಹೆಣ್ಣುಮಕ್ಕಳ ಹೆಸರಿಡ್ತಾರಾ?"

ನಗುವ ಹೊತ್ತು ಅದಾಗಿರಲಿಲ್ಲ. ಅಡುಗೆಮನೆಯ ಕಿಟಕಿ ಗೇಣಗಲ ತೆರೆದಿತ್ತು. ಅಂಜು ಮನೆಯೊಳಗೇ ಇದೆಯೋ, ಬೀದಿಗೆ ಹಾರಿತೋ ಯಾರಿಗೂ ತಿಳಿಯದು. ಹೆಂಡತಿ ಅಳಲಿಲ್ಲ, ಆದರೆ ಒಂದೇ ಪಾತ್ರೆಯನ್ನು ಮೂರು ಸಲ ತೊಳೆದಳು. ಕೂಗಬೇಡಿ, ಹುಡುಕಬೇಡಿ, ಊಟ ಇಟ್ಟು ಸುಮ್ಮನಿರಿ ಎಂದರು ಡಾಕ್ಟರಮ್ಮ, ಫೋನಿನಲ್ಲಿ. ಅಷ್ಟರಲ್ಲಿ ನಾನು ತಾರಸಿ ಹತ್ತಿ "ಅಂಜೂ" ಎಂದು ಒಂದೇ ಒಂದು ಸಲ ಕೂಗಿಯಾಗಿತ್ತು. ಬೀದಿಯ ನಾಯಿಗಳೆಲ್ಲ ಕಾಲಿಗೆ ಬುದ್ಧಿ ಹೇಳಿದ್ದವು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ, ಹಜಾರದಲ್ಲಿ ಇಟ್ಟಿದ್ದ ಬಟ್ಟಲಿನಲ್ಲಿ ಮೀನು ಅರ್ಧ ಖಾಲಿಯಾಗಿತ್ತು. ಒಳಗೇ ಇದ್ದಾಳೆ! ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಸಂತೋಷ ಒಂದು ಗಳಿಗೆ ಮಾತ್ರ. ಸಂಜೆ ನಾಲ್ಕಕ್ಕೆ ಗಡಿಯಾರದ ಹಿರಿಯರು ಬರುತ್ತಾರೆ. ಕಣ್ಣಿಗೇ ಬೀಳದ ಬೆಕ್ಕನ್ನು ಯಾರು ಒಪ್ಪುತ್ತಾರೆ? ಮತ್ತೆ ಅದೇ ಪಂಜರ, ಅದೇ ನಾಯಿಗಳ ಸಾಲು.

ಆಡಿದ ಮಾತಿಗೆ ತಪ್ಪುವವನಲ್ಲ ನಾನು. ಉಳಿದ ಮೀನಿನ ಬಟ್ಟಲನ್ನೂ ಹಿಡಿದು ಬಚ್ಚಲುಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಮೀಸೆಯೇ ಮಣ್ಣುಪಾಲಾದರೆ ಜಟ್ಟಿ ಏನು ಮಾಡಬೇಕು? ಹದಿನೆಂಟು ವರ್ಷದ ಸಾಕಣೆ ನಾಲ್ಕು ಎಳೆತಕ್ಕೆ ಮುಗಿಯಿತು. ಕನ್ನಡಿಯಲ್ಲಿ ಯಾರೋ ಅಪರಿಚಿತ ನಿಂತಿದ್ದ. ಬಟ್ಟಲಿನ ಮೀನನ್ನು ಅಂಗೈಗೆ ಸುರಿದುಕೊಂಡು ವಾಷಿಂಗ್ ಮೆಷಿನ್ನಿಗೆ ಒರಗಿ ನೆಲದ ಮೇಲೆ ಕೂತೆ. ನಿಜ ಹೇಳುತ್ತೇನೆ, ಮೀಸೆಗಾಗಿ ಅಲ್ಲ, ಆ ಪಂಜರ ನೆನಪಾಗಿ ನನಗೆ ಅಳು ಬಂತು. ಏನಾದರೂ ಮಾತಾಡೋಣ ಎಂದರೆ ಗಂಟಲು ಕಟ್ಟಿತ್ತು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಮೆಷಿನ್ನಿನ ಹಿಂದಿನಿಂದ ಒಂದು ಬೂದು ಮೂಗು ಬಂತು. ಆಮೇಲೆ ಎರಡು ಕಣ್ಣು. ಆಮೇಲೆ, ಮೂರು ವಾರದಲ್ಲಿ ಮೊದಲ ಬಾರಿಗೆ, ಇಡೀ ಬೆಕ್ಕು! ನಾನು ಉಸಿರನ್ನೂ ಬಿಡಲಿಲ್ಲ. ಅಂಜು ನನ್ನ ಮೊಣಕಾಲಿನ ಮೇಲೆ ಮುಂಗಾಲಿಟ್ಟು, ಸಾಬೂನಿನ ವಾಸನೆಯ ನನ್ನ ತುಟಿಯನ್ನು ಮೂಸಿ, ಅಂಗೈಯಲ್ಲಿದ್ದ ಮೀನನ್ನು ತಿಂದಿತು. ಒಂದಲ್ಲ, ಐದು ಚೂರು! ಅದರ ನಾಲಗೆ ಒರಟಾಗಿ, ಬೆಚ್ಚಗಿತ್ತು. ಕಾಲು ಜೋಮು ಹಿಡಿದರೂ ಅಲುಗಾಡದೆ ಕೂತೆ.

ಆ ಕ್ಷಣದಲ್ಲೇ ನನಗೆ ಜ್ಞಾನೋದಯವಾಯಿತು. ಬೆಕ್ಕಿಗೂ ಮೀಸೆ, ನನಗೂ ಮೀಸೆ! ಒಂದು ಒರೆಯಲ್ಲಿ ಎರಡು ಕತ್ತಿ ಇರಲು ಸಾಧ್ಯವೇ? ಮನೆಗೊಂದೇ ಮೀಸೆ! ಇದು ನನ್ನ ಹೊಸ ಸಿದ್ಧಾಂತ. ಇದನ್ನು ಹೆಂಡತಿಗೆ ಕೂಗಿ ಹೇಳಿದೆ. ಅಂಜು ಮತ್ತೆ ಮೆಷಿನ್ನಿನ ಹಿಂದೆ. ತನ್ನ ಗುಟ್ಟು ಬಯಲಾಗಿದ್ದಕ್ಕೆ ನಾಚಿಕೆಯಿರಬೇಕು ಎಂದುಕೊಂಡೆ. ಹೆಂಡತಿ ನನ್ನನ್ನು ಹೊರಗೆ ಕಳಿಸಿ, ಗಂಟೆಗಟ್ಟಲೆ ಕಾದು, ಮೀನಿನ ಆಸೆ ತೋರಿಸಿ ಅದನ್ನು ಕೋಣೆಗೆ ಸೇರಿಸಿದಳು.

ಸಂಜೆ ಡಾಕ್ಟರಮ್ಮ ಬಂದಾಗ ಹತ್ತು ನಿಮಿಷ ಸಿದ್ಧಾಂತವನ್ನು ವಿವರಿಸಿದೆ. ಅತ್ತೆಯವರು ನನ್ನ ಬೋಳು ತುಟಿಯನ್ನು ನೋಡಿ ಕೊಡೆಯ ಹಿಡಿಯನ್ನೇ ಒರೆಸುತ್ತಿದ್ದರು. ಅಷ್ಟರಲ್ಲಿ ಗೇಟು ಸದ್ದಾಯಿತು. ಗಡಿಯಾರದ ಹಿರಿಯರು ಒಳಗೆ ಬಂದರು. ಅವರಿಗಿಂತ ಮುಂಚೆ ಅವರ ಮೀಸೆ ಬಂತು!

ಅಯ್ಯೋ, ಏನು ಮೀಸೆ ಅದು! ಬೆಳ್ಳಗೆ, ಪೊದೆಯಂತೆ, ಕೆನ್ನೆ ದಾಟಿ ಕಿವಿಯವರೆಗೆ. ಅದರ ಮುಂದೆ ನನ್ನದು ಹುಬ್ಬು! ನಾನು ಓಡಿಹೋಗಿ ಅವರ ದಾರಿಗೆ ಅಡ್ಡ ನಿಂತು, ನನ್ನ ಕರ್ಚೀಫು ಮುಂದೆ ಹಿಡಿದು ಬೇಡಿಕೊಂಡೆ.

"ಯಜಮಾನ್ರೇ, ದಯವಿಟ್ಟು ಇದನ್ನ ಮೂಗಿನ ಕೆಳಗೆ ಕಟ್ಕೊಂಡು ಹೋಗಿ. ಒಂದು ಜೀವದ ಪ್ರಶ್ನೆ."

ಹಿರಿಯರು ಕರ್ಚೀಫನ್ನು ನೋಡಿದರು, ನನ್ನನ್ನು ನೋಡಿದರು, ತಲೆಯಾಡಿಸಿ ಕರ್ಚೀಫನ್ನು ಮಡಿಸಿ ನನ್ನ ಜೇಬಿಗೇ ಇಟ್ಟು ಒಳಗೆ ನಡೆದರು. ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ನೆಲದ ಮೇಲೆ ಕೂತು, ಜೇಬಿನಿಂದ ಒಂದು ಹಳೆಯ ಕೈಗಡಿಯಾರ ತೆಗೆದು, ಬೆಕ್ಕಿನತ್ತ ತಿರುಗಿಯೂ ನೋಡದೆ ಕೀಲಿ ಕೊಡತೊಡಗಿದರು. ಬಾಗಿಲ ಸಂದಿಯಲ್ಲಿ ನಾವು ನಾಲ್ವರು ಒಬ್ಬರ ಮೇಲೊಬ್ಬರು ಬಗ್ಗಿ ನೋಡುತ್ತಿದ್ದೆವು. ನನ್ನ ಎದೆ ಗಡಿಯಾರಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಮಂಚದ ಕೆಳಗಿನಿಂದ ಅಂಜು ಬಂತು. ಅವರ ತೊಡೆ ಹತ್ತಿತು. ಅವರು ಬಟ್ಟಲಿನಿಂದ ತೆಗೆದು ಅಂಗೈಯಲ್ಲಿ ಹಿಡಿದ ಮೀನು ತಿಂದಿತು. ತಿಂದು ಮುಗಿಸಿ, ಕತ್ತು ಚಾಚಿ, ತನ್ನ ಇಡೀ ಮುಖವನ್ನು ಆ ಬಿಳಿ ಮೀಸೆಯೊಳಗೆ ತೂರಿಸಿ ಗುರ್ರ್ ಎಂದು ಹಾಡತೊಡಗಿತು! ಹಿರಿಯರು ಕಣ್ಣು ಮುಚ್ಚಿಕೊಂಡರು. ಡಾಕ್ಟರಮ್ಮ ಸದ್ದಿಲ್ಲದೆ ಕಾಗದ ತೆಗೆದು ಬರೆಯತೊಡಗಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೂ ಸಂತೋಷವೇ. ಆದರೆ ನನ್ನ ಸಿದ್ಧಾಂತ? ನನ್ನ ಹದಿನೆಂಟು ವರ್ಷ?

"ಅಲ್ಲ ಕಣೇ" ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದೆ, "ಅಷ್ಟು ದೊಡ್ಡ ಮೀಸೆಗೆ ಅದು ಹೆದರ್ಲೇ ಇಲ್ವಲ್ಲ."

"ಅದು ಯಾವತ್ತೂ ಮೀಸೆಗೆ ಹೆದರಿಲ್ಲ ರೀ. ಮೀಸೆ ಕೆಳಗಡೆ ಇದೆಯಲ್ಲ, ಅದಕ್ಕೆ ಹೆದರಿದ್ದು. ಎರಡು ವರ್ಷ ಸ್ಪೀಕರ್ ಹಿಂದೆ ಕೂತು ಕೇಳಿದೆ, ಪಾಪ."

"ಮತ್ತೆ ಇದನ್ನ ಮೊದಲೇ ಹೇಳ್ಬಾರದಿತ್ತಾ?"

"ಹೇಳೋಣ ಅಂದ್ರೆ, ನೀವು ಅದನ್ನ ಮುಚ್ಚಿದ್ದು ಯಾವಾಗ?"

ಇದಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು. ಕೊಡಲೆಂದು ಬಾಯಿ ತೆರೆದೆ. ಕೋಣೆಯೊಳಗೆ, ಬಿಳಿ ಮೀಸೆಯ ನಡುವಿನಿಂದ ಎರಡು ಬೂದು ಕಿವಿ ನಿಮಿರಿದವು.

ಮುಚ್ಚಿದೆ.