ದುಃಖದ ಹಾಡಿನವರು ಬಂದರು

ಅಪ್ಪ, ಅವ್ವ, ನಾನು ಮೂವರೂ ಎಲ್ಲಿ ಹಾಡಲು ಕೂತರೂ ಒಂದಲ್ಲ ಒಂದು ಎಡವಟ್ಟು ಆಗಿಯೇ ತೀರುತ್ತದೆ. ತಪ್ಪು ನಮ್ಮದೋ ಕೇಳುವವರದೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾವು ಹಾಡುವುದು ಬ್ಲೂಸ್. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನ ಕಟ್ಟಿಕೊಂಡ ದುಃಖದ ಹಾಡು. ದಾವಣಗೆರೆಯೂ ಹತ್ತಿಯ ಊರೇ ಆಗಿತ್ತಲ್ಲ, ಇಲ್ಲೇಕೆ ನಡೆಯಬಾರದು ಎಂಬುದು ಅಪ್ಪನ ವಾದ. ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿಗೆ ಬಂದಿದ್ದ ವಿದೇಶಿ ಎಂಜಿನಿಯರ್ ಒಬ್ಬನಿಂದ ಗಿಟಾರ್ ಕಲಿತರು. ಅವ್ವ ಮೌತ್ ಆರ್ಗನ್ ಊದುತ್ತಾಳೆ, ಕನ್ನಡದಲ್ಲಿ ಪದ ಕಟ್ಟಿ ಹಾಡುವವಳು ನಾನು. ಬೆಂಗಳೂರಿನಲ್ಲಿ ಜನ ಕಣ್ಣು ಮುಚ್ಚಿ ಕೇಳುತ್ತಾರೆ. ನಮ್ಮೂರಲ್ಲಿ ಒಂದು ಹಾಡೂ ಕೊನೆ ಮುಟ್ಟುತ್ತಿರಲಿಲ್ಲ.

ಹೋದ ವರ್ಷ ಅಪ್ಪ ಬೇಸತ್ತರು. "ಯುಗಾದಿ ಒಳಗೆ ನಮ್ಮ ಜನ ಒಂದೇ ಒಂದು ಹಾಡು ಪೂರ್ತಿ ಕೇಳ್ಲಿಲ್ಲ ಅಂದ್ರೆ ಗಿಟಾರ್ ಅಟ್ಟಕ್ಕೆ ಹಾಕ್ತೀನಿ," ಅಂದರು. ಅವತ್ತಿನಿಂದ ಯಾರು ಕರೆದರೂ ಹೋಗತೊಡಗಿದೆವು.

ಎರಡೆರಡು ಸಲ

ಬ್ಲೂಸ್‌ನಲ್ಲಿ ಮೊದಲ ಸಾಲನ್ನು ಎರಡು ಸಲ ಹಾಡಿ ಆಮೇಲೆ ಮುಂದಿನ ಸಾಲಿಗೆ ಹೋಗಬೇಕು. ಅದು ಪದ್ಧತಿ. ಹರಿಹರದಲ್ಲಿ ಒಂದು ಸಮಾರಂಭದಲ್ಲಿ ನಾನು ಸಾಲನ್ನು ಎರಡನೇ ಸಲ ಎತ್ತುತ್ತಿದ್ದಂತೆ ಮುಂದಿನ ಕುರ್ಚಿಯ ನಿವೃತ್ತ ಮೇಷ್ಟ್ರು ಎದ್ದು ನಿಂತರು.

"ಗಾಬರಿ ಆಗಬ್ಯಾಡವ್ವ. ನೀರು ಕುಡಿ, ಮುಂದಿಂದು ನೆನಪಾಗ್ತೈತೆ."

ನಾನು ನೀರು ಕುಡಿದೆ. ಕುಡಿಸದೆ ಬಿಡುವವರಲ್ಲ ಅವರು. ಮತ್ತೆ ಹಾಡಿದೆ, ಮತ್ತೆ ಸಾಲು ಎರಡು ಸಲ ಬಂತು, ಮತ್ತೆ ನೀರು ಬಂತು. ಮೂರನೇ ಲೋಟಕ್ಕೆ ಮೇಷ್ಟ್ರು ಅಪ್ಪನ ಕಿವಿಯಲ್ಲಿ ಹೇಳಿದರು: "ಕಂಠ ಚಲೋ ಐತ್ರಿ. ಬಾಯಿಪಾಠ ಮಾಡಿಸ್ರಿ."

ಶ್ರುತಿ

ಕೊಂಡಜ್ಜಿ ಕೆರೆ ದಂಡೆಯ ಮೇಲೆ ಒಂದು ಸಂಜೆ. ಅಪ್ಪ ಬೆರಳಿಗೆ ಉಕ್ಕಿನ ಕೊಳವೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿ ನುಡಿಸುತ್ತಾರೆ, ಸ್ವರ ಅಳುವ ಹಾಗೆ ಎಳೆದುಕೊಂಡು ಹೋಗುತ್ತದೆ. ನಾವು ಅರ್ಧ ತಾಸು ಜೀವ ತೇಯ್ದೆವು. ಜನ ತಮ್ಮ ಪಾಡಿಗೆ ಹರಟುತ್ತಿದ್ದರು. ಕೊನೆಗೆ ನೋಡಿದರೆ ಮೈಕೇ ಬಂದ್.

ಮೈಕಿನವನು ಓಡಿ ಬಂದ. "ನೀವಿನ್ನೂ ಶ್ರುತಿ ಮಾಡ್ಕೊಳ್ತಿದ್ರಲ್ಲ ಸರ್, ಹಾಡು ಶುರುವಾದ ಮ್ಯಾಲೆ ಆನ್ ಮಾಡೋಣ ಅಂತ ಸುಮ್ನಿದ್ದೆ."

ಅಷ್ಟೊತ್ತಿಗೆ ನಮ್ಮ ಕಾರ್ಯಕ್ರಮ ಮುಗಿದಿತ್ತು.

ಆರತಕ್ಷತೆ

ದಾವಣಗೆರೆಯ ಒಂದು ಕಲ್ಯಾಣ ಮಂಟಪ. ಮುಂಜಾನೆ ಮುಹೂರ್ತ, ಹಿಂದಿನ ಸಂಜೆ ಆರತಕ್ಷತೆ. ಗಂಡ ಇನ್ನೊಬ್ಬಳ ಹಿಂದೆ ಹೋದ ಕತೆಯ ಹಾಡನ್ನು ಅಪ್ಪ ಯಾಕೆ ಆರಿಸಿದರೋ ದೇವರಿಗೇ ಗೊತ್ತು. ಅರ್ಧ ಹಾಡಿಗೆ ಮದುಮಗಳ ಚಿಕ್ಕಮ್ಮ ವೇದಿಕೆ ಹತ್ತಿ ನನ್ನ ಕೈ ಹಿಡಿದಳು.

"ಏನವ್ವ, ಹುಡುಗನ ಬಗ್ಗೆ ಏನರ ಗೊತ್ತೈತೇನು? ಇದ್ರೆ ಈಗ್ಲೇ ಹೇಳಿಬಿಡು. ತಾಳಿ ಇನ್ನೂ ಕಟ್ಟಿಲ್ಲ."

"ಅಯ್ಯೋ, ಇದು ಬರೀ ಹಾಡು ಕಣ್ರಿ!" ಎಂದು ಅವಳನ್ನು ಸಮಾಧಾನ ಮಾಡಿ ಕಳಿಸಿದೆ. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮದುಮಗನೇ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ," ಅಂದ ಮೆಲ್ಲಗೆ, "ನಿಮಗೆ ಯಾರು ಹೇಳಿದ್ರು?"

ಕಡರನಾಯಕನಹಳ್ಳಿಯ ಕರೆ

ಯುಗಾದಿಗೆ ವಾರವಿತ್ತು. ಅಪ್ಪ ಅಟ್ಟದಲ್ಲಿ ಜಾಗ ಮಾಡಿಯೂ ಆಗಿತ್ತು. ಮುಂಜಾನೆ ಫೋನ್ ಬಂತು.

"ನಮ್ಮ ಅಜ್ಜಿ ಹೋಗಿಬಿಟ್ಳು ಸರ್. ಭಜನಿಯವರು ಬ್ಯಾರೆ ಊರಿಗೆ ಹೋಗ್ಯಾರ. ನೀವು ಅಳೋ ಹಾಡು ಹಾಡ್ತೀರಂತಲ್ಲ, ಬರ್ರಿ."

ಹೋಗಬೇಕೋ ಬೇಡವೋ ಎಂದು ಮೂವರೂ ಮುಖ ಮುಖ ನೋಡಿಕೊಂಡೆವು. ಸಾವಿನ ಮನೆಗೆ ಗಿಟಾರ್ ಹಿಡಿದು ಹೋಗುವುದು ಹೇಗೆ? ಹೋದೆವು. ಅಜ್ಜಿಗೆ ವಿಭೂತಿ ಹಚ್ಚಿ, ಹೂವು ಏರಿಸಿ ಕಟ್ಟೆಯ ಮೇಲೆ ಕೂರಿಸಿದ್ದರು. ಹೆದರುತ್ತಲೇ ಶುರು ಮಾಡಿದೆ:

"ಒಲೆ ಮ್ಯಾಲೆ ಹಾಲೈತೆ, ಇಳಿಸೋರಿಲ್ಲ..."

ಎರಡನೇ ಸಲ ಅದೇ ಸಾಲನ್ನು ನಾನು ಹಾಡಬೇಕಾಗಲೇ ಇಲ್ಲ. ಸುತ್ತ ಕೂತ ಹೆಂಗಸರೇ ಎತ್ತಿಕೊಂಡರು. ಅವರು ಅಳುವುದೇ ಹಾಗೆ, ಒಂದು ಮಾತನ್ನು ಎರಡೆರಡು ಸಲ ಹಾಡಿಕೊಂಡು. ಯಾರೂ ನೀರು ಕೊಡಲಿಲ್ಲ. ಹಾಡು ಕೊನೆ ಮುಟ್ಟಿತು. "ಇನ್ನೊಂದು ಹೇಳ್ರಿ," ಅಂದರು. ಐದು ಹಾಡು ಹೇಳಿದೆವು. ಅಪ್ಪನ ಕಣ್ಣಲ್ಲಿ ನೀರು. ಅದು ಅಜ್ಜಿಗಾಗಿ ಅಲ್ಲ ಎಂದು ನನಗೂ ಅವ್ವನಿಗೂ ಮಾತ್ರ ಗೊತ್ತಿತ್ತು. ನನಗೂ ಅಳು ತಡೆಯಲಾಗಲಿಲ್ಲ.

ಹೊರಡುವಾಗ ಅಜ್ಜಿಯ ತಮ್ಮ, ಹಲ್ಲಿಲ್ಲದ ಮುದುಕ, ಅಪ್ಪನ ಎರಡೂ ಕೈ ಹಿಡಿದ. "ನಂದಕ್ಕೂ ನೀವೇ ಬರಬೇಕ್ರಿ. ಬ್ಯಾರೆಯೋರು ಬ್ಯಾಡ."

ನಮ್ಮೂರ ಕಡೆಯವರು ಒಮ್ಮೆ ಕೇಳಿ ಅಪ್ಪನನ್ನು ಮತ್ತೆ ಕರೆದದ್ದು ಅದೇ ಮೊದಲು. ಅಪ್ಪ ಸಂತೋಷದಲ್ಲಿ ಮೈಮರೆತು ಜೇಬಿನಿಂದ ಪೆನ್ನು ತೆಗೆದರು.

"ಖಂಡಿತ ಬರ್ತೀವ್ರಿ ಯಜಮಾನ್ರ. ತಾರೀಖು ಹೇಳ್ರಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ನೆಲ ನೋಡಿದೆ. ಮುದುಕ ಮಾತ್ರ ಸಿಟ್ಟಾಗಲಿಲ್ಲ. ಗದ್ದೆಯ ಕಡೆ ಒಮ್ಮೆ ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ ಹೇಳಿದ:

"ಭತ್ತ ಕೊಯ್ಲು ಒಂದು ಮುಗೀಲಿ, ನಾನೇ ಫೋನ್ ಮಾಡ್ತೀನಿ."