ಹತ್ತರಕಿ ಇಲ್ಲದ ಹೊಲಕ್ಕೆ ಹೆಣ್ಣು ಕೊಡಂಗಿಲ್ಲ

ಎಮ್ಮೆಯನ್ನು ಬಿಟ್ಟರೆ, ಇಡೀ ಮಟಕಿ ಊರಿನಲ್ಲಿ ಹೊಲಕ್ಕೇ ಹೋಗಿ ಸೊಪ್ಪು ಮೇಯುತ್ತಿದ್ದ ಜೀವ ನನ್ನ ಸೋದರಮಾವ ಒಬ್ಬನೇ! ಅದೂ ಎಲ್ಲ ಸೊಪ್ಪಲ್ಲ, ಹತ್ತರಕಿ. ಚಳಿಗಾಲದಲ್ಲಿ ಜೋಳದ ಸಾಲಿನ ನಡುವೆ ತಾನಾಗಿ ಹುಟ್ಟಿ, ನೆಲಕ್ಕೆ ಅಂಟಿಕೊಂಡಿರುವ ತುಸು ಕಹಿ ಎಲೆ. ಕಿತ್ತು, ಮಣ್ಣು ಝಾಡಿಸಿ, ರೊಟ್ಟಿ-ಖಾರದ ಜೊತೆ ಹಸಿಯಾಗಿಯೇ ತಿನ್ನಬೇಕು. ಯಾರ ಹೊಲದಲ್ಲಿ ಕಿತ್ತರೂ ಯಾರೂ ಬೇಡವೆನ್ನುವುದಿಲ್ಲ. ಅಷ್ಟಿದ್ದರೆ ಸಾಕಿತ್ತು ನಮ್ಮ ಮಾವನಿಗೆ!

ಕಿತ್ತದ್ದನ್ನೆಲ್ಲ ರುಮಾಲಿನಲ್ಲಿ ಸುತ್ತಿ ತಲೆಗೇರಿಸುತ್ತಿದ್ದ. ಒಮ್ಮೆ ಮಠದಲ್ಲಿ ಸ್ವಾಮಿಗಳಿಗೆ ಅಡ್ಡಬಿದ್ದಾಗ ರುಮಾಲು ಬಿಚ್ಚಿಹೋಗಿ, ಅವರ ಪಾದದ ತುಂಬ ಹತ್ತರಕಿ! ಸ್ವಾಮಿಗಳು ನಕ್ಕು, "ಊರಾಗ ಬಿಲ್ವಪತ್ರಿ ಮುಗದಾವೇನಪಾ?" ಎಂದರಂತೆ.

ನನ್ನನ್ನು ಹೆತ್ತಾಗಲೇ ಅವ್ವ ತೀರಿಕೊಂಡಿದ್ದಳು. ಹಾಗಾಗಿ ನನ್ನ ಮದುವೆಯಲ್ಲಿ ಅಪ್ಪನದಕ್ಕಿಂತ ಮಾವನದೇ ಹುಕುಂ. ಘತ್ತರಗಿ ಕಡೆಯ ವರ. ಮನೆತನ ಛಲೋ, ಹುಡುಗ ಛಲೋ. ಬೀಗರು ಹೊಲ ತೋರಿಸಿ, "ನೋಡ್ರಿ, ಒಂದ ಕಸ ಇಲ್ಲ!" ಎಂದು ಮೀಸೆ ತಿರುವಿದರಂತೆ. ಮಾವ ಬಗ್ಗಿ ಬಗ್ಗಿ ಹೊಲವೆಲ್ಲ ಸುತ್ತಿ ಬಂದ.

"ಹೆಣ್ಣ ಕೊಡಂಗಿಲ್ರಿ."

"ಯಾಕ್ರಿ?"

"ಹೊಲದಾಗ ಹತ್ತರಕಿ ಇಲ್ಲ!"

ಅಪ್ಪ ಹಣೆ ಹಣೆ ಬಡಿದುಕೊಂಡ. "ಲೇ, ಇಲ್ಲಿ ಹೆಣ್ಣು ಕೊಡಾಕ ಬಂದೀಯೋ, ಎಮ್ಮಿ ಕಟ್ಟಾಕ ಬಂದೀಯೋ?"

ಮಾವ ಜಪ್ಪಯ್ಯ ಎಂದರೂ ಬಗ್ಗದೆ ಗಾಡಿಯತ್ತ ನಡೆದ. ಗಾಡಿ ಹೂಡುವ ಹೊತ್ತಿಗೆ, ಅಲ್ಲಿಯವರೆಗೆ ಕಾಲ್ಬೆರಳು ನೋಡುತ್ತಿದ್ದ ವರ ತಲೆಯೆತ್ತಿದ. "ಮಾವಾರ, ಒಡ್ಡಿನ ಬಾಜೂಕ ಒಂದ ಪಟ್ಟಿ ಎಡಿ ಹೊಡಿಯದ, ಕಸ ತಗೀದ ಬಿಡ್ತೇನ್ರಿ. ಹುಟ್ಟಲಿ."

"ಹಂಗಾದ್ರ ಸಕ್ಕರಿ ಹಂಚ್ರಿ!" ಎಂದ ಮಾವ. ನನ್ನ ಮದುವೆ ಕುದುರಿದ್ದು ಒಂದು ಕಳೆಯ ಮೇಲೆ, ಹೇಳಿದರೆ ಯಾರು ನಂಬುತ್ತಾರೆ?

ಮುಂದೆ ನಾನು ಬಸುರಿಯಾದೆ. ಆ ಚಳಿಗಾಲ ಮಾವ ರುಮಾಲು ತುಂಬ ಹತ್ತರಕಿ ಹೊತ್ತುಕೊಂಡು ಬಂದ. ನೋಡಿದರೆ ನನ್ನ ತಾಟಿನಲ್ಲಿ ಆಗಲೇ ಹತ್ತರಕಿ! ನನ್ನ ಗಂಡ ಆ ಪಟ್ಟಿಯಿಂದ ಕಿತ್ತು ತಂದದ್ದು. ಮಾವ ಮುನಿಸಿಕೊಳ್ಳುತ್ತಾನೆಂದುಕೊಂಡೆ. ಅವನು ಕಂಬಕ್ಕೆ ಒರಗಿ ಕೂತ.

"ನಿನ್ನ ಹೊತ್ತಾಗ ನಿಮ್ಮವ್ವಗೂ ಇದೇ ಬಯಕಿ ಇತ್ತಬೇ. ನಿಮ್ಮಪ್ಪನ ಹೊಲ ಭಾಳ ಸಾಫ್. ನನಗ ಹೇಳಿ ಕಳಿಸಿದ್ಳು. ಕೆಲಸ ಮುಗೀಲಿ ಅಂತ ನಾ ತಡಾ ಮಾಡಿದೆ. ಬರೋದ್ರಾಗ ನೀ ಅಳಾಕತ್ತಿದ್ದಿ, ಅಕಿ ಸುಮ್ಮಗಾಗಿದ್ಳು."

ರುಮಾಲು ಬಿಚ್ಚಿ ನನ್ನ ತಾಟಿಗೆ ಸುರಿದ.

"ತಿನ್ನಬೇ. ಇದು ಅಕಿ ಪಾಲು."

ಅಳುತ್ತಲೇ ತಿಂದೆ. ಮುಗಿಯುವವರೆಗೆ ಮಾವ ಎದುರಿನಿಂದ ಏಳಲಿಲ್ಲ.