ಟೈಲ್ಸ್ ಸಾಯಬಣ್ಣನ ಮನೆ ತಪಾಸಣೆ

ಇಂದಿರಾನಗರದ ಬಂಗಲೆಗಳಿಂದ ಕಲ್ಯಾಣ ನಗರದ ಫ್ಲಾಟುಗಳವರೆಗೆ, ಟೈಲ್ಸ್ ಮೇಸ್ತ್ರಿ ಸಾಯಬಣ್ಣ ಹಾಸಿದ ನೆಲದಲ್ಲಿ ಕೊಂಕು ತೆಗೆಯುವ ಇಂಜಿನಿಯರ್ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದವರೂ ಅವನ ಬಾಯಿಗೆ ಹೆದರಿ ಸುಮ್ಮನಿದ್ದರು. ಅಂಥವನ ಮರ್ಫಿ ಟೌನಿನ ಒಂದೂವರೆ ಕೋಣೆಯ ಬಾಡಿಗೆ ಮನೆಗೇ ತಪಾಸಣೆ ಬರುವುದೆಂದರೆ!

ಸೊಂಟದ ಮೂಳೆ ಮುರಿದುಕೊಂಡಿದ್ದ ಅವನ ತಾಯಿ ಶೇಷಮ್ಮನನ್ನು ನೋಡಿಕೊಳ್ಳಲು ಒಂದು ಆರೈಕೆ ಸಂಸ್ಥೆ ಜೋಗುಪಾಳ್ಯದ ದೊಡ್ಡಮುನಿಯಮ್ಮನನ್ನು ದಿನಾ ಬೆಳಿಗ್ಗೆ ಕಳಿಸುತ್ತಿತ್ತು. ಮುದುಕಿ ಈಗ ವಾಕರ್ ಹಿಡಿದು ಬಾಗಿಲವರೆಗೆ ಬರುವಷ್ಟಾಗಿದ್ದಳು. ಆರೈಕೆ ಹೇಗಿದೆ, ಮನೆ ಸುರಕ್ಷಿತವೇ ಎಂದು ನೋಡಲು ಸಂಸ್ಥೆಯ ಮೆಹ್ವಿಶ್ ಮೇಡಂ ಸೋಮವಾರ ಬರುವವರಿದ್ದರು. ಅವರು ಒಪ್ಪದಿದ್ದರೆ ದೊಡ್ಡಮುನಿಯಮ್ಮ ಬರುವುದು ನಿಲ್ಲುತ್ತದೆ. ಶೇಷಮ್ಮ ಯಾವುದೋ ಆರೈಕೆ ಕೇಂದ್ರದ ಮಂಚ ಸೇರಬೇಕಾಗುತ್ತದೆ.

“ನೀವೇನೂ ಮಾಡಬ್ಯಾಡ್ರಿ. ಹ್ಯಾಂಗದ ಹಾಂಗ ಇರ್ಲಿ,” ಎಂದಳು ಹೆಂಡತಿ ಜಯಮಾಲಾ.

“ತಪಾಸಣಿ ಅಂದ್ರ ನಿನಗೇನ್ ಗೊತ್ತದ? ಸೈಟಿಗೆ ಸಾಹೇಬ ಬರ್ತಾನಂದ್ರ ಮೊದಲು ಸಾಮಾನು ಮುಚ್ಚಿಡಬೇಕು. ಆಮ್ಯಾಲ ನೆಲ ಹೊಳಿಸಬೇಕು. ಅವ ನೆಲದಾಗ ತನ್ನ ಮುಖ ನೋಡ್ಕೋತ ಸೈನ್ ಹಾಕಿ ಹೋಗ್ತಾನ.”

ಭಾನುವಾರ ಸಾಯಬಣ್ಣ ದಂಡೆತ್ತಿದ. ಮಂಚದಿಂದ ಬಚ್ಚಲವರೆಗೆ ದೊಡ್ಡಮುನಿಯಮ್ಮ ಹಾಸಿದ್ದ ಜಾರದ ರಬ್ಬರ್ ಚಾಪೆ ಸುರುಳಿಯಾಗಿ ಮಂಚದಡಿ ಸೇರಿತು. ಸಂಡಾಸದ ಕುರ್ಚಿ ಮರ್ಯಾದಸ್ಥರ ಕಣ್ಣಿಗೆ ಬೀಳಬಾರದೆಂದು ಮಾಳಿಗೆ ಏರಿತು. ವಾಕರ್ ಬೀರುವಿನ ಹಿಂದೆ ಹೋಯಿತು.

“ಸಾಯಬ್ಯಾ, ನಾ ನಡಿಯೋದು ಹ್ಯಾಂಗೋ?”

“ನಾಳೆ ಮೇಡಂ ಹೋಗೋತನಕ ಮಹಾರಾಣಿ ಹಾಂಗ ಕುಂದ್ರು ಯವ್ವಾ.”

ಆಮೇಲೆ ಮೇಣದ ಪಾಲಿಶ್, ಒಂದರ ಮೇಲೊಂದು ಮೂರು ಕೈ. ಗೋಡೆಯ ಹಲ್ಲಿ ಕೂಡ ಕೆಳಗಿಳಿಯಲು ಹಿಂದೆಮುಂದೆ ನೋಡಿತು.

ಸೋಮವಾರ ದೊಡ್ಡಮುನಿಯಮ್ಮ ಹೊಸ್ತಿಲಲ್ಲೇ ನಿಂತಳು. “ಅಣ್ಣ, ಇದು ನೆಲಾನಾ, ಕನ್ನಡೀನಾ? ಚಾಪೆ ಎಲ್ಲೋಯ್ತು?”

“ನೆಲದ ಮಾತು ನನಗ ಬಿಡ್ರಿ ಅಕ್ಕಾ. ನಲವತ್ತು ಬಂಗಲಿ ಮುಗಿಸಿದ ಕೈ ಇದು.”

ಅಷ್ಟರಲ್ಲಿ ಮೆಹ್ವಿಶ್ ಮೇಡಂ ಫೈಲು ಹಿಡಿದು ಬಂದೇಬಿಟ್ಟರು. ಬೀಗರನ್ನು ಎದುರುಗೊಳ್ಳುವಂತೆ ಸಾಯಬಣ್ಣ ಕೈಮುಗಿದು ಮುಂದೆ ನುಗ್ಗಿದ. “ಬರ್ರಿ ಮೇಡಂ, ಒಳಗ ಬ...” ಎಂಬಷ್ಟು ನಿಂತು ಹೇಳಿದ, “...ರ್ರಿ” ಎಂದದ್ದು ನೆಲದಿಂದ. ಅಲ್ಲಿಗೂ ನಿಲ್ಲದೆ ಸರ್ರನೆ ಜಾರಿ ತಾಯಿಯ ಮಂಚದಡಿ ಹೊಕ್ಕ. ಬಚ್ಚಿಟ್ಟ ಚಾಪೆಯೇ ಅವನ ತಲೆಗೆ ದಿಂಬಾಯಿತು. ಹೊರಗುಳಿದದ್ದು ಎರಡು ಪಾದ ಮಾತ್ರ.

“ಮಗಾ, ಸಾಹೇಬ ಸೈನ್ ಹಾಕಿದ್ನೇನೋ?” ಎಂದಳು ಶೇಷಮ್ಮ, ಮಂಚದ ಮೇಲಿಂದ.

ದೊಡ್ಡಮುನಿಯಮ್ಮ ಸೆರಗು ಸಿಕ್ಕಿಸಿ, ಚಾಪೆ ಎಳೆದು ಹಾಸಿ, ಪಕ್ಕದಲ್ಲಿ ಮಂಡಿಯೂರಿದಳು. “ಅಲ್ಲಾಡ್ಬೇಡಿ ಅಣ್ಣ. ಎಲ್ಲಿ ನೋವು? ಕಾಲ್ಬೆರಳು ಆಡ್ಸಿ ನೋಡೋಣ.”

“ನನಗ್ಯಾಕ್ ಬೇಕು ಇದೆಲ್ಲ? ನಾನೇ ಏಳ್ತೀನಿ, ಆಕಡೆ ಸರೀರಿ,” ಎಂದು ಸಿಡುಕಿ, ಮಂಚದಡಿಯಿಂದ ತೆವಳಿ ಬಂದು ಎದ್ದವನು ಚಾಪೆ ಬಿಟ್ಟು ಪಾಲಿಶಿನ ಮೇಲೆ ಕಾಲಿಟ್ಟು ಇನ್ನೊಮ್ಮೆ ಬಿದ್ದ. ಮೇಡಂ ಅದನ್ನೂ ಬರೆದುಕೊಂಡರು.

ಈಗ ಸಾಯಬಣ್ಣ ಹಸುವಾದ. ಮುಂದೆ ಒಂದು ಕುರ್ಚಿ, ಅದರ ಮೇಲೆ ಎರಡು ಕೈ, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು. ದೊಡ್ಡಮುನಿಯಮ್ಮ ಹೇಳಿದಂತೆ ಕೇಳಿ ಎದ್ದು ಕೂತ.

“ಬಿದ್ದೋರನ್ನ ಹೇಗೆ ಎಬ್ಬಿಸ್ತೀರ ಅಂತ ನಿಮ್ಮನ್ನ ಕೇಳ್ಬೇಕಿತ್ತು ಅಕ್ಕ,” ಎಂದರು ಮೇಡಂ. “ಕಣ್ಣಾರೆ ನೋಡಿದ್ದಾಯ್ತು. ನಿಮಗೆ ಫುಲ್ ಮಾರ್ಕ್ಸ್. ಅಜ್ಜಿ ಇಲ್ಲೇ ಇರ್ಲಿ. ಆದ್ರೆ ಪಾಲಿಶ್ ಇವತ್ತೇ ತೆಗೀಬೇಕು, ಬಚ್ಚಿಟ್ಟಿದ್ದೆಲ್ಲ ವಾಪಸ್ ಬರ್ಬೇಕು.”

ಸಹಿಗೆಂದು ಫಾರಂ ಕೊಟ್ಟರು. ಮೂರನೇ ಈಯತ್ತೆಗೆ ಶಾಲೆ ಬಿಟ್ಟಿದ್ದ ಸಾಯಬಣ್ಣ ಅದನ್ನು ಹೆಂಡತಿಯತ್ತ ಚಾಚಿದ. “ಏನ್ ಬರದಾರ, ಓದು ಜಯಾ.”

ಜಯಮಾಲಾ ನಗು ನುಂಗಿ ಓದಿದಳು: “ಮನೆಯಲ್ಲಿ ಕಂಡ ಅಪಾಯ: ಒಂದು. ವಿವರ: ಮಗ.”

ಸಾಯಬಣ್ಣನ ಸಿಟ್ಟು ನೆತ್ತಿಗೇರಿತು. ಸೊಂಟ ಮಾತ್ರ ಏಳಲಿಲ್ಲ.

ಶೇಷಮ್ಮ ಮೇಡಂ ಕೈ ಹಿಡಿದುಕೊಂಡಳು. “ನಲವತ್ತೈದು ವರ್ಷದಿಂದ ನಾ ಇದನ್ನೇ ಹೇಳ್ಕೋತ ಬಂದೀನಿ ತಾಯಿ. ಬರಕೊಳ್ಳೋರು ಇವತ್ತು ಬಂದ್ರಿ ನೋಡ್ರಿ.”